ಎರೆಯಿಂದ ಕೋಲಿಗೆ

ನನಗೆ ಬಾಡ ಎಂಬ ಊರು ಎರಡು. ಒಂದು ನಮ್ಮ ಶಿಗ್ಗಾವಿ ತಾಲ್ಲೂಕಿನದು, ಕನಕದಾಸರು ಹುಟ್ಟಿದ ಊರು. ಇನ್ನೊಂದು ಕುಮಟಾ ತಾಲ್ಲೂಕಿನ ಕಡಲಂಚಿನದು. ಕಾಗಿನೆಲೆಯ ಕೆರೆದಂಡೆಯಲ್ಲಿ ಗಾಳ ಹಾಕುವುದನ್ನು ಕಲಿತ ನಾನು, ಸಮುದ್ರಕ್ಕೆ ಮೊದಲ ಸಲ ಗಾಳ ಎಸೆದದ್ದು ಈ ಎರಡನೆಯ ಬಾಡದ ಮರಳಿನ ಮೇಲೆ ನಿಂತು. ಹಾನಗಲ್, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದು ಹೋಗಿದ್ದೆ. ಕೈಯಲ್ಲಿ ಆರಡಿಯ ಕೋಲು, ಬೆಂಡು ಕಟ್ಟಿದ ತೆಳು ದಾರ, ಬುತ್ತಿಯ ಡಬ್ಬಿಯಲ್ಲಿ ಬೆಳ್ಳುಳ್ಳಿ ಅರೆದು ಕಲಸಿದ ಗೋಧಿಹಿಟ್ಟಿನ ಉಂಡೆ. ಮೂರು ತಾಸು ನಿಂತೆ. ಅಲೆ ಬಂದಾಗಲೆಲ್ಲ ಬೆಂಡು ನನ್ನ ಕಾಲ ಬುಡಕ್ಕೇ ಮರಳುತ್ತಿತ್ತು. ಹಿಟ್ಟಂತೂ ಎಸೆದ ರಭಸಕ್ಕೇ ಕೊಕ್ಕೆಯಿಂದ ಕಳಚಿ ಗಾಳಿಯಲ್ಲಿ ಹಾರಿಹೋಗುತ್ತಿತ್ತು.

ದಂಡೆಯ ಮೇಲೆ ಬಲೆ ಬಿಡಿಸುತ್ತಾ ಕೂತಿದ್ದ ಹಿರಿಯರೊಬ್ಬರು ಎದ್ದು ಬಂದು ನನ್ನ ಡಬ್ಬಿಯೊಳಗೆ ಇಣುಕಿದರು.

"ಕೋಲಿನ ಮಾತು ಆಮೇಲೆ ತಮಾ. ಇಲ್ಲಿಯ ಮೀನು ಎಂತ ತಿಂತದೆ ಅಂತ ಗೊತ್ತಿದ್ಯಾ ನಿಂಗೆ?"

ನನಗೆ ಗೊತ್ತಿರಲಿಲ್ಲ. ಆ ಒಂದು ಪ್ರಶ್ನೆಯೊಳಗೆ ಈ ವಿದ್ಯೆಯ ಇಡೀ ಕ್ರಮ ಅಡಗಿದೆ ಎಂಬುದು ತಿಳಿಯಲು ಮತ್ತೆ ಕೆಲವು ವರ್ಷ ಹಿಡಿಯಿತು. ಈಗ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹುಡುಗರು ಎರಡು ದಿನ ರಜೆ ಸಿಕ್ಕರೆ ಗೋಕರ್ಣ, ಹೊನ್ನಾವರ, ಮುರ್ಡೇಶ್ವರದ ಕಡೆ ಗಾಡಿ ತಿರುಗಿಸುತ್ತಾರೆ. ಹಲವರ ಹೆಗಲ ಮೇಲೆ ಹೊಸ ರಾಡು, ಹೊಸ ರೀಲು. ಮೊದಲು ಕೊಂಡದ್ದು ಅದೇ. ಎರೆ ನೆನಪಾಗುವುದು ಕಡಲು ಕಂಡ ಮೇಲೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಈ ಕ್ರಮವನ್ನು ತಿರುಗಿಸಿ. ಮೊದಲು ನೀರು ನೋಡಿ. ನೀರು ನೋಡಿದರೆ ಅಲ್ಲಿ ಯಾವ ಮೀನು ಓಡಾಡೀತೆಂದು ತಿಳಿಯುತ್ತದೆ. ಮೀನು ತಿಳಿದರೆ ಎರೆ, ಎರೆ ತಿಳಿದರೆ ಕೊಕ್ಕೆ, ಆಮೇಲೆ ಸೀಸ, ಸೀಸಕ್ಕೆ ತಕ್ಕ ದಾರ. ಕೋಲಿನ ಸರದಿ ಎಲ್ಲಕ್ಕಿಂತ ಕೊನೆಗೆ.

ಎರೆ ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ನಮ್ಮ ಸೀಮೆಯಲ್ಲಿ ಎರೆ ಎಂದರೆ ಹತ್ತಿ, ಮೆಣಸಿನಕಾಯಿ ಬೆಳೆಯುವ ಕಪ್ಪು ನೆಲ. ಆದರೆ ಕನ್ನಡದಲ್ಲಿ ಈ ಪದಕ್ಕೆ ಪ್ರಾಣಿಯ ಆಹಾರ, ಗಾಳಕ್ಕೆ ಸಿಕ್ಕಿಸುವ ತಿನಿಸು ಎಂಬ ಹಳೆಯ ಅರ್ಥವೂ ಉಂಟು. ಕೆರೆದಂಡೆಯಲ್ಲಿ ಎರೆಹುಳು ಅಗೆಯುವ ಹುಡುಗನಿಗೆ ಎರಡು ಅರ್ಥವೂ ಒಂದೇ ಬೊಗಸೆಯಲ್ಲಿ ಸಿಗುತ್ತವೆ.

ಈ ವಿದ್ಯೆ ನಮ್ಮ ನೆಲಕ್ಕೆ ಹೊಸದೇನಲ್ಲ. 12ನೇ ಶತಮಾನದಲ್ಲಿ ಈ ಸೀಮೆಯನ್ನೂ ಒಳಗೊಂಡಿದ್ದ ಕಲ್ಯಾಣ ಚಾಲುಕ್ಯರ ರಾಜ್ಯವನ್ನು 1126ರಿಂದ 1138ರವರೆಗೆ ಆಳಿದವನು ಮೂರನೇ ಸೋಮೇಶ್ವರ. ಅವನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಗಾಳ ಹಾಕುವ ಕುರಿತೇ ಒಂದು ಭಾಗವಿದೆ, ಮತ್ಸ್ಯವಿನೋದ. ಕಡಲ ಮೀನು ಯಾವುದು, ಹೊಳೆ ಮೀನು ಯಾವುದು, ಹುರುಪೆ ಇರುವುದು, ಇಲ್ಲದ್ದು, ಯಾವುದಕ್ಕೆ ಎಂಥ ತಿನಿಸು ಎಂದು ವಿಂಗಡಿಸಿ, ಕೋಲು, ದಾರ, ಕೊಕ್ಕೆಗಳನ್ನೂ ಅದು ವಿವರಿಸುತ್ತದೆ. ಹೋಲಿಕೆಗೆ ಹೇಳುವುದಾದರೆ, ಇಂಗ್ಲೆಂಡಿನಲ್ಲಿ ಗಾಳದ ಕುರಿತ ಮೊದಲ ಮುದ್ರಿತ ಪುಸ್ತಕ ಬಂದದ್ದು 1496ರಲ್ಲಿ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಮತ್ಸ್ಯವಿನೋದದ ಬಗ್ಗೆ ಪ್ರಬಂಧ ಬರೆದು ವಿದ್ವಾಂಸರ ಗಮನ ಸೆಳೆದರು. ಒಂಬೈನೂರು ವರ್ಷದ ಹಿಂದೆಯೇ ಮೀನಿಗೆ ತಕ್ಕ ತಿನಿಸಿನ ವಿಚಾರವನ್ನು ಒಬ್ಬ ಅರಸ ಇಷ್ಟು ಶ್ರದ್ಧೆಯಿಂದ ಬರೆಸಿದ್ದಾನಲ್ಲ ಎಂದು ನನಗೆ ಈಗಲೂ ಹೆಮ್ಮೆ.

ನೀರು ನೋಡುವುದೆಂದರೇನು? ಕೆರೆಯಲ್ಲಿ ಅದಕ್ಕೆ ಹೆಚ್ಚು ಅರ್ಥವಿಲ್ಲ, ಕಡಲಲ್ಲಿ ಅದೇ ಅರ್ಧ ಕೆಲಸ. ಮರಳಿನ ತೀರದ ತಳ ಬಟ್ಟಲಿನಂತೆ ಒಂದೇ ಸಮ ಇಳಿಯುವುದಿಲ್ಲ. ದಂಡೆಗೆ ಸಮಾಂತರವಾಗಿ ಮರಳಿನ ದಿಬ್ಬ, ಅದರ ಪಕ್ಕ ಒಂದು ತಗ್ಗು, ಮತ್ತೆ ದಿಬ್ಬ, ಮತ್ತೆ ತಗ್ಗು. ಅಲೆ ತನ್ನ ಎತ್ತರದ ಸುಮಾರು ಒಂದೂಕಾಲು ಪಟ್ಟು ಆಳದ ನೀರಿಗೆ ಬಂದಾಗ ಮುರಿಯುತ್ತದೆ. ಹಾಗಾಗಿ ಬಿಳಿ ನೊರೆ ಸಾಲಾಗಿ ಏಳುವ ಕಡೆ ಕೆಳಗೆ ದಿಬ್ಬವಿದೆ. ನೊರೆಯಿಲ್ಲದೆ ನೀರು ಕಪ್ಪಾಗಿ ಕಾಣುವ ಪಟ್ಟಿಯೇ ತಗ್ಗು. ಅಲೆ ಕೆದಕಿದ ಹುಳು, ಸಣ್ಣ ಏಡಿ, ಸೀಗಡಿಗಳೆಲ್ಲ ಉರುಳಿ ಬಂದು ಈ ತಗ್ಗಿನಲ್ಲಿ ಸೇರುತ್ತವೆ, ಮೀನು ಅದನ್ನೇ ದಾರಿ ಮಾಡಿಕೊಂಡು ಸುತ್ತುತ್ತದೆ. ಎಷ್ಟೋ ಸಲ ಈ ದಾರಿ ದಂಡೆಯಿಂದ ಇಪ್ಪತ್ತು ಮೀಟರಿನ ಒಳಗೇ ಇರುತ್ತದೆ. ನೂರು ಮೀಟರು ಎಸೆದವನು ಮೀನಿನ ತಲೆಯ ಮೇಲಿಂದ ದಾಟಿಸಿ ಎಸೆದಿರುತ್ತಾನೆ. ಇಳಿತದ ಹೊತ್ತಿನಲ್ಲಿ ಎತ್ತರದ ಕಡೆ ನಿಂತು ಹತ್ತು ನಿಮಿಷ ನೋಡಿದರೆ ಸಾಕು, ತಗ್ಗುಗಳು ಕಣ್ಣಿಗೆ ಬೀಳುತ್ತವೆ. ಉಬ್ಬರದಲ್ಲಿ ಅದೇ ಜಾಗಕ್ಕೆ ಗಾಳ ಬಿಡುವುದು.

ಆ ತಗ್ಗುಗಳಲ್ಲಿ ಯಾರಿದ್ದಾರೆ? ನಮ್ಮ ಕರಾವಳಿಯ ಮರಳು ತೀರದಲ್ಲಿ ಗಾಳದವನಿಗೆ ಮೊದಲ ಗೆಳೆಯ ಕಾಣೆ. ಕಾರವಾರದ ಕಡೆ ಇದಕ್ಕೆ ನಗಲಿ ಎನ್ನುತ್ತಾರೆ. ಬೆರಳುದ್ದದಿಂದ ಮೊಣಕೈ ಉದ್ದದವರೆಗಿನ ಸಪೂರ ಮೈ, ಚೂಪು ಮೂತಿ, ಸಣ್ಣ ಬಾಯಿ. ಹೆದರಿದರೆ ಮರಳಿನೊಳಗೇ ಹೂತುಕೊಳ್ಳುತ್ತದೆ. ತಿನ್ನುವುದು ಮರಳುಹುಳು, ಮರಿ ಸೀಗಡಿ. ಹೊಳೆಬಾಯಿಗಳಲ್ಲಿ, ಅಂದರೆ ಗಂಗಾವಳಿ, ಅಘನಾಶಿನಿ, ಶರಾವತಿಗಳು ಕಡಲಿಗೆ ಸೇರುವಲ್ಲಿ, ಸೀಬಾಸ್ ಸಿಗುತ್ತದೆ, ಕುರುಡಿ ಎಂದು ಕರೆಯುವ ದೊಡ್ಡ ಬೇಟೆಮೀನು. ಇದರ ಬದುಕು ವಿಚಿತ್ರ. ಹುಟ್ಟುವಾಗ ಗಂಡು, ಬೆಳೆದು ದೊಡ್ಡದಾದ ಮೇಲೆ ಬಹುಪಾಲು ಹೆಣ್ಣಾಗುತ್ತವೆ. ಮೊಟ್ಟೆಯಿಡಲು ಉಪ್ಪುನೀರು ಬೇಕು, ಮರಿ ಬೆಳೆಯುವುದು ಹೊಳೆ ಹಿನ್ನೀರಿನಲ್ಲಿ. ಹೀಗಾಗಿ ತೀರ ದೊಡ್ಡ ಸೀಬಾಸ್ ಸಿಕ್ಕರೆ ಅದು ತಾಯಿಮೀನು ಎಂದೇ ತಿಳಿದು ನಾನು ನೀರಿಗೆ ಬಿಡುತ್ತೇನೆ. ಇವೆರಡರ ನಡುವೆ ಮೀಸೆಮೀನು, ತೊರಕೆ, ಮರಳು ತಳದ ಇನ್ನೂ ಹತ್ತಾರು ಜಾತಿ. ಒಂದು ಮಾತು ನೆನಪಿಡಬೇಕು: ನಮ್ಮ ಕೆರೆಯ ರೋಹು, ಮೃಗಾಲಗಳು ಪಾಚಿ, ಕೊಳೆತ ಎಲೆ, ಹಿಟ್ಟು ತಿಂದು ಬದುಕುವಂಥವು. ಅಲೆಯಲ್ಲಿ ಆಡುವ ಮೀನು ಮಾಂಸ ತಿನ್ನುವಂಥದ್ದು. ಹಿಟ್ಟಿನ ಉಂಡೆ ಅಲ್ಲಿ ಸೋತದ್ದು ಅದಕ್ಕೇ.

ಈಗ ಎರೆ. ನನ್ನ ಕಾಕಾ ಕೆರೆದಂಡೆಯಲ್ಲಿ ಹೇಳುತ್ತಿದ್ದ: "ಗಾಳಕ್ಕ ಏನ ಹಚ್ಚೀಯೋ ಅದನ್ನ ನೋಡಿ ಮೀನ ಬರತೈತಿ, ಕೋಲು ನೋಡಿ ಬರೂದಿಲ್ಲ." ಕಡಲಿಗೂ ಈ ಮಾತು ಸಲ್ಲುತ್ತದೆ. ಅಲ್ಲಿ ಎರೆಗೆ ಮೂರು ಗುಣ ಬೇಕು. ಅಲ್ಲಿಯ ಮೀನು ದಿನವೂ ತಿನ್ನುವ ವಸ್ತುವಾಗಿರಬೇಕು, ವಾಸನೆ ನೀರಿಗೆ ಹರಡಬೇಕು, ಎಸೆದಾಗ ಕಳಚಬಾರದು. ಈ ಮೂರೂ ಒಂದರಲ್ಲೇ ಸಿಗುವುದು ಅಪರೂಪ, ಆದ್ದರಿಂದಲೇ ಆಯ್ಕೆಯ ಪ್ರಶ್ನೆ ಬರುವುದು.

ಸೀಗಡಿ ಎಲ್ಲಕ್ಕೂ ಮೊದಲು. ತೀರದಲ್ಲಿ ಸೀಗಡಿ ತಿನ್ನದ ಮೀನು ಕಡಿಮೆ. ಸಣ್ಣ ಬಾಯಿಯ ಕಾಣೆಗಾದರೆ ಸಿಪ್ಪೆ ಸುಲಿದು ಉಗುರಿನಷ್ಟು ತುಂಡು, ದೊಡ್ಡ ಮೀನಿಗಾದರೆ ತಲೆ ತೆಗೆದು ಬಾಲದ ಕಡೆಯಿಂದ ಕೊಕ್ಕೆಗೆ ಪೋಣಿಸಿದ ಇಡೀ ಸೀಗಡಿ. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಮೀನು ಮಾರುವ ಅಮ್ಮನ ಬುಟ್ಟಿಯಿಂದ ತಂದದ್ದೇ ಒಳ್ಳೆಯದು. ಪ್ಯಾಕೆಟ್ಟಿನ ಹೆಪ್ಪುಗಟ್ಟಿದ ಸೀಗಡಿ ಕರಗಿದಾಗ ಮೆತ್ತಗಾಗುತ್ತದೆ, ಯಾಕೆಂದರೆ ಒಳಗಿನ ನೀರು ಮಂಜಾಗಿ ಹಿಗ್ಗಿ ಮಾಂಸದ ಜೀವಕೋಶಗಳನ್ನು ಒಡೆದಿರುತ್ತದೆ. ಎರಡನೆಯದು ತಾರಲೆ ಮತ್ತು ಬಂಗಡೆ. ವಾಸನೆಯಲ್ಲಿ ಇವನ್ನು ಮೀರಿಸುವ ಎರೆ ಇಲ್ಲ. ಮೀನಿನ ಎಣ್ಣೆಯೇ ಮೀನನ್ನು ಕರೆಯುತ್ತದೆ ಎಂದು ಹಲವರು ನಂಬಿದ್ದಾರೆ, ಆದರೆ ಎಣ್ಣೆ ನೀರಿನಲ್ಲಿ ಕರಗುವುದಿಲ್ಲ, ತೇಲುತ್ತದೆ. ತಳದ ಮೀನನ್ನು ಮುಖ್ಯವಾಗಿ ಸೆಳೆಯುವುದು ರಕ್ತ, ಮಾಂಸದಿಂದ ಕರಗಿ ಹರಡುವ ಅಮೈನೋ ಆಮ್ಲಗಳು, ತೀರ ಅಲ್ಪ ಪ್ರಮಾಣದಲ್ಲಿದ್ದರೂ ಮೀನು ಅದನ್ನು ಗುರುತಿಸಬಲ್ಲದು. ಅದಕ್ಕೇ ಎರೆ ಹದಿನೈದು ಇಪ್ಪತ್ತು ನಿಮಿಷ ನೀರಿನಲ್ಲಿ ತೊಳೆದುಹೋದ ಮೇಲೆ ನೋಡಲು ಹಾಗೇ ಇದ್ದರೂ ಪ್ರಯೋಜನವಿಲ್ಲ. ಎಳೆದುಕೊಂಡು ಹೊಸದನ್ನು ಹಾಕಬೇಕು.

ತಾರಲೆಯ ದೋಷವೆಂದರೆ ಮೆತುತನ. ಇದಕ್ಕೆ ನನ್ನ ಅನುಭವದಲ್ಲಿ ಎರಡು ಪರಿಹಾರಗಳಿವೆ. ಹಿಂದಿನ ರಾತ್ರಿಯೇ ಬೆರಳಗಲ ಪಟ್ಟಿ ಕುಯ್ದು ಕಲ್ಲುಪ್ಪು ಬೆರೆಸಿಟ್ಟರೆ ಉಪ್ಪು ನೀರನ್ನು ಹೀರಿ ಮಾಂಸ ಗಟ್ಟಿಯಾಗುತ್ತದೆ, ಮಂಜುಗಡ್ಡೆಯ ಹಂಗಿಲ್ಲದೆ ಪ್ರಯಾಣವನ್ನೂ ತಡೆಯುತ್ತದೆ. ಉಪ್ಪಿನಕಾಯಿ ಹಾಕುವ ನಮ್ಮ ಬಯಲುಸೀಮೆಯ ಮನೆಗಳಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಇನ್ನೊಂದು, ಕೂದಲೆಳೆಯಂಥ ಎಲಾಸ್ಟಿಕ್ ದಾರ. ಕೊಕ್ಕೆಗೆ ಸಿಕ್ಕಿಸಿದ ಪಟ್ಟಿಯ ಮೇಲೆ ಹತ್ತು ಸುತ್ತು ಸುತ್ತಿದರೆ ಗಂಟು ಬೇಡ, ತಾನೇ ಕಚ್ಚಿಕೊಳ್ಳುತ್ತದೆ. ಇವೆರಡರ ಗೊಡವೆ ಬೇಡವೆನ್ನುವವರಿಗೆ ಬೊಂಡಾಸ್, ಅಂದರೆ ಸ್ಕ್ವಿಡ್, ಇದೆ. ಅದರ ಪಟ್ಟಿ ಚರ್ಮದಷ್ಟು ಗಟ್ಟಿ, ಏಡಿಗಳು ಕಿತ್ತರೂ ಬೇಗ ಮುಗಿಯದು. ಸಂಜೆಗತ್ತಲಲ್ಲಿ ಅದರ ಬಿಳುಪು ಕಾಣುವುದೂ ಲಾಭವೇ. ಚಿಪ್ಪಿನ ಜೀವಿಗಳಾದ ಬೆಳಚು, ನೀಲಿಕಲ್ಲಿನ ಮಾಂಸ ಮೀನಿಗೆ ಬಹಳ ಇಷ್ಟ, ಆದರೆ ದಾರ ಸುತ್ತದೆ ಎಸೆದರೆ ಉಳಿಯದು. ಕೊನೆಯ ಮಾತಾಗಿ, ದಂಡೆಯ ಎರೆಯೇ ದಂಡೆಗೆ ಶ್ರೇಷ್ಠ. ಅಲೆ ಹಿಂದೆ ಸರಿದಾಗ ಒದ್ದೆ ಮರಳಿನಲ್ಲಿ ಇಂಗ್ಲಿಷಿನ ವಿ ಅಕ್ಷರದಂಥ ಪುಟ್ಟ ಗೆರೆಗಳು ಕಾಣುತ್ತವೆ. ಅಲ್ಲಿ ಬೆರಳು ಹಾಕಿ ಕೆದಕಿದರೆ ಹೆಬ್ಬೆರಳ ತುದಿಯಷ್ಟು, ಮೊಟ್ಟೆಯಾಕಾರದ ಮರಳೇಡಿ ಸಿಗುತ್ತದೆ. ಅಂದಂದಿಗೆ ಬೇಕಾದ ಹತ್ತೋ ಹದಿನೈದೋ ಹಿಡಿದು ಉಳಿದವನ್ನು ಬಿಡಬೇಕು. ನಮ್ಮೂರ ಎರೆಹುಳುವನ್ನು ಒಯ್ಯುವವರಿಗೆ ಒಂದು ಮಾತು: ಉಪ್ಪುನೀರಿಗೆ ಬಿದ್ದರೆ ಅದು ಕೆಲವೇ ನಿಮಿಷಗಳಲ್ಲಿ ಸತ್ತು ಸಪ್ಪೆಯಾಗುತ್ತದೆ.

ಕೊಕ್ಕೆಯನ್ನು ಮೀನಿನ ಗಾತ್ರ ನೋಡಿ ಆರಿಸುತ್ತಾರೆ. ಬಾಯಿ ನೋಡಿ ಆರಿಸಬೇಕು, ಎರೆಗೂ ಹೊಂದಬೇಕು. ಅಂಗಡಿಯ ನಂಬರುಗಳು ಹೊಸಬರನ್ನು ಗೊಂದಲಕ್ಕೆ ಕೆಡಹುತ್ತವೆ: 1, 2, 4, 6, 8 ಎಂದು ಸಂಖ್ಯೆ ಏರಿದಂತೆ ಕೊಕ್ಕೆ ಚಿಕ್ಕದಾಗುತ್ತದೆ, ಮುಂದೆ ಸೊನ್ನೆ ಸೇರಿದ 1/0, 2/0, 4/0ರಲ್ಲಿ ಸಂಖ್ಯೆ ಏರಿದಂತೆ ದೊಡ್ಡದಾಗುತ್ತದೆ. ಕಾಣೆಗೆ ಉದ್ದ ಕಾಲಿನ 6 ಅಥವಾ 8, ನಡುಗಾತ್ರದ ಮೀನಿಗೆ 1/0ರ ಆಸುಪಾಸು, ಸೀಬಾಸ್‌ಗೆ 4/0ಕ್ಕಿಂತ ಮೇಲೆ. ಎರೆ ಎಷ್ಟೇ ದೊಡ್ಡದಿರಲಿ, ಕೊಕ್ಕೆಯ ಮೊನೆ ಹೊರಗೆ ಕಾಣುತ್ತಿರಬೇಕು. ತುದಿ ಒಳಕ್ಕೆ ಬಾಗಿದ ಸರ್ಕಲ್ ಹುಕ್ ಬಗ್ಗೆ ನನಗೆ ವಿಶೇಷ ಅಕ್ಕರೆ. ಮೀನು ನುಂಗಿ ತಿರುಗಿದಾಗ ಅದು ಗಂಟಲಿಗೆ ಚುಚ್ಚದೆ ಜಾರಿ ಬಂದು ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ, ಹೀಗಾಗಿ ಬಿಡಬೇಕೆಂದ ಮೀನು ಬದುಕಿ ಹೋಗುತ್ತದೆ. ಇದಕ್ಕೆ ಕೆರೆಯ ಒಂದು ಅಭ್ಯಾಸ ಬಿಡಬೇಕು. ಕುಟುಕಿದ ಕೂಡಲೇ ಕೋಲನ್ನು ಮೇಲಕ್ಕೆ ಜಗ್ಗಬಾರದು, ದಾರ ಬಿಗಿಯಾಗುವವರೆಗೆ ಕಾದು ಸುತ್ತತೊಡಗಬೇಕು.

ಬೆಂಡಿಗೆ ಅಲೆಯಲ್ಲಿ ಕೆಲಸವಿಲ್ಲ. ಅಲ್ಲಿ ಎರೆಯನ್ನು ತಗ್ಗಿನ ತಳದಲ್ಲಿ ನಿಲ್ಲಿಸುವುದು ಸೀಸ. ಗುಂಡಗಿನ ಸೀಸ ಮರಳಿನ ಮೇಲೆ ಉರುಳುತ್ತಾ ಬದಿಗೆ ಹೋಗಿ ದಂಡೆಗೆ ಬೀಳುತ್ತದೆ. ಗೋಪುರದಾಕಾರದ್ದು ಮೂಲೆಯೂರಿ ಮರಳಿನಲ್ಲಿ ಹೂತು ನಿಲ್ಲುತ್ತದೆ. ನೀರು ಶಾಂತವಿದ್ದು ಕಾಣೆ ಹಿಡಿಯುವುದಾದರೆ 40ರಿಂದ 60 ಗ್ರಾಂ ಸಾಕು, ಎಳೆತ ಜೋರಿದ್ದರೆ 100ರಿಂದ 120. ಕಾಣೆಯ ವಿಷಯದಲ್ಲಿ ನಾನು ಕಂಡುಕೊಂಡದ್ದೆಂದರೆ, ಸೀಸ ತುಸು ಹಗುರವಿದ್ದು ನಿಧಾನ ಜರುಗುತ್ತಿದ್ದರೇ ಲೇಸು. ಎರೆ ಮರಳಿನ ಮೇಲೆ ತೆವಳುವುದನ್ನು ಕಂಡು ಅದು ಬೆನ್ನಟ್ಟುತ್ತದೆ. ಕಟ್ಟುವ ಕ್ರಮ ಎರಡು ಗೊತ್ತಿದ್ದರೆ ಬೇಕಾದಷ್ಟಾಯಿತು. ತುದಿಗೆ ಸೀಸ, ಅದರ ಮೇಲೆ ಗೇಣು ಗೇಣು ಅಂತರದಲ್ಲಿ ಎರಡು ಕವಲಿಗೆ ಎರಡು ಕೊಕ್ಕೆ, ಇದು ಸಣ್ಣ ಮೀನಿಗೆ. ಸೀಸ ದಾರದ ಮೇಲೆ ಸಲೀಸಾಗಿ ಜಾರುವಂತೆ ಬಿಟ್ಟು, ಕೆಳಗೆ ತಿರುಗಣೆ, ಅದರ ಮುಂದೆ ಒಂದೂವರೆ ಅಡಿ ದಪ್ಪ ದಾರ, ಒಂದೇ ಕೊಕ್ಕೆ, ಇದು ದೊಡ್ಡದಕ್ಕೆ. ಇದರಲ್ಲಿ ಮೀನು ಎರೆ ಕಚ್ಚಿ ಹೊರಟಾಗ ಸೀಸದ ಭಾರ ಅದಕ್ಕೆ ತಿಳಿಯುವುದಿಲ್ಲ.

ದಾರದ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇಲ್ಲಿ ಮೀನಿನ ಪ್ರಶ್ನೆಯ ಜೊತೆ ಮನುಷ್ಯರ ಪ್ರಾಣದ ಪ್ರಶ್ನೆಯೂ ಇದೆ. ನಾವು ತಂಗೂಸು ಎನ್ನುವ ಒಂಟಿ ಎಳೆಯ ನೈಲಾನ್ ದಾರ ಹಿಗ್ಗುತ್ತದೆ, ಅಗ್ಗ, ಮರಳಿನ ಉಜ್ಜಾಟವನ್ನು ತಾಳುತ್ತದೆ. ಹೊಸಬರಿಗೆ 0.35 ಮಿ.ಮೀ. ಆಸುಪಾಸಿನದು ಸಾಕು. ಹೆಣೆದ ದಾರ ಅಷ್ಟೇ ಬಲಕ್ಕೆ ಬಹಳ ತೆಳು, ಅಲೆಯ ಸೆಳೆತಕ್ಕೆ ಕಡಿಮೆ ಸಿಗುತ್ತದೆ, ದೂರ ಹೋಗುತ್ತದೆ, ಮೀನಿನ ಸಣ್ಣ ಕುಟುಕೂ ಕೈಗೆ ತಿಳಿಯುತ್ತದೆ. ಆದರೆ ಹಿಗ್ಗುವುದಿಲ್ಲ, ಬೆರಳು ಕುಯ್ಯುತ್ತದೆ. ಯಾವುದೇ ಇರಲಿ, ನೂರು ಗ್ರಾಂ ಸೀಸವನ್ನು ಬಲವಾಗಿ ಬೀಸುವ ಕ್ಷಣದಲ್ಲಿ ದಾರದ ಮೇಲೆ ಬೀಳುವ ಜಗ್ಗು ಸೀಸದ ತೂಕಕ್ಕಿಂತ ಹಲವು ಪಟ್ಟು. ಒಮ್ಮೆ ನನ್ನ ದಾರ ಹಾಗೆ ಬೀಸುವಾಗಲೇ ಹರಿದು, ಸೀಸ ಬದಿಯಲ್ಲಿ ನಿಂತಿದ್ದ ಗೆಳೆಯನ ಕಿವಿಯ ಪಕ್ಕದಿಂದ ಹಾರಿತು. ಅವತ್ತಿನಿಂದ ಷಾಕ್ ಲೀಡರ್ ಕಟ್ಟದೆ ಎಸೆದಿಲ್ಲ. ಮುಖ್ಯ ದಾರದ ತುದಿಗೆ ಕಟ್ಟುವ ದಪ್ಪ ದಾರ ಅದು. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಸೀಸಕ್ಕೆ 10 ಪೌಂಡ್ ತಡೆಯುವ ಬಲ ಎಂಬುದು ಗಾಳದವರ ಲೆಕ್ಕ. ನೂರು ಗ್ರಾಮಿಗೆ 35ರಿಂದ 40 ಪೌಂಡಿನದು. ಉದ್ದ ಕೋಲಿನ ಎರಡರಷ್ಟು, ಮೇಲೆ ರೀಲಿನಲ್ಲಿ ಐದಾರು ಸುತ್ತು. ಎಸೆಯುವ ಮೊದಲು ಹಿಂದೆ ತಿರುಗಿ ನೋಡಿ. ಜನ ಈಜುವ ಕಡೆ, ಮಕ್ಕಳು ಆಡುವ ಕಡೆ ಗಾಳ ಬೇಡವೇ ಬೇಡ.

ಇಲ್ಲಿಗೆ ಬಂದಾಗ ಕೋಲು ತಾನಾಗಿ ನಿರ್ಧಾರವಾಗಿರುತ್ತದೆ. ಅಲೆಯ ಮೇಲಿಂದ ದಾರ ಎತ್ತಿ ಹಿಡಿಯಲು ಉದ್ದ ಬೇಕು, ಹೀಗಾಗಿ ಹತ್ತರಿಂದ ಹನ್ನೆರಡು ಅಡಿ. ನೀವು ಬಳಸುವ ಸೀಸದ ತೂಕ ಕೋಲಿನ ಮೇಲೆ ಬರೆದ ಮಿತಿಯೊಳಗೆ ಇರಬೇಕು. ಕಾರ್ಬನ್ ಹಗುರ, ಆದರೆ ಕಲ್ಲಿಗೆ ಬಡಿದರೆ ಸೀಳುತ್ತದೆ. ಫೈಬರ್ ಗ್ಲಾಸ್ ಭಾರ, ಆದರೆ ಬಾಳಿಕೆ. ಮೊದಲ ಕೋಲಿಗೆ ನಾನು ಫೈಬರ್ ಗ್ಲಾಸನ್ನೇ ಹೇಳುತ್ತೇನೆ. ರೀಲು 5000 ಅಥವಾ 6000 ಅಳತೆಯದು, ಇನ್ನೂರು ಮೀಟರಿಗಿಂತ ಹೆಚ್ಚು ದಾರ ಹಿಡಿಯುವಂಥದ್ದು. ದಾರ ಹರಿಯುವ ಬಲದ ಕಾಲುಭಾಗದಷ್ಟು ಎಳೆದಾಗ ರೀಲು ದಾರ ಬಿಡುವಂತೆ ಅದರ ಬಿಗಿತ ಇಟ್ಟುಕೊಳ್ಳಬೇಕು. ಕಾಸಿಲ್ಲದವರು ಕೈಗಾಳದಿಂದ ಶುರು ಮಾಡಲಿ. ಬಾಟಲಿಗೋ ಮರದ ತುಂಡಿಗೋ ಸುತ್ತಿದ ದಾರ, ಸೀಸ, ಒಂದು ಕೊಕ್ಕೆ. ಕರಾವಳಿಯ ಹುಡುಗರು ಸೀಸವನ್ನು ತಲೆಯ ಮೇಲೆ ಗರಗರ ತಿರುಗಿಸಿ ಎಸೆದು, ತೋರುಬೆರಳ ಮೇಲೆ ದಾರ ಹಾಯಿಸಿಕೊಂಡು ಕಾಯುವುದನ್ನು ನೋಡಿ ನಾನು ಕಲಿತದ್ದು ಬಹಳ.

ಹೊತ್ತಿನ ಲೆಕ್ಕಕ್ಕೆ ನಮ್ಮ ಮನೆಯ ಕ್ಯಾಲೆಂಡರೇ ಸಾಕು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರಿನ ಏರಿಳಿತ ಹೆಚ್ಚು, ಅಷ್ಟಮಿಯ ಸುತ್ತ ಕಡಿಮೆ. ಉಬ್ಬರ ಏರತೊಡಗಿದ ಮೇಲಿನ ಎರಡು ಮೂರು ತಾಸು, ಅದೂ ಬೆಳಗಿನ ಜಾವಕ್ಕೋ ಸಂಜೆಗೋ ಹೊಂದಿದರೆ, ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಬೇಸಿಗೆಯ ಮಧ್ಯಾಹ್ನ ಕಡಲಗಾಳಿ ಎದುರಿಗೆ ಬೀಸುತ್ತದೆ. ಬೆಳಗಿನ ಗಾಳಿ ನೆಲದಿಂದ ಕಡಲಿಗೆ, ಅಂದರೆ ಬೆನ್ನ ಹಿಂದಿನಿಂದ, ಎಸೆತಕ್ಕೆ ಅನುಕೂಲ. ಮಳೆಗಾಲದ ಕಡಲು ನಮ್ಮಂಥವರಿಗಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ. ದಂಡೆಯ ಗಾಳಕ್ಕೆ ಆ ನಿಷೇಧ ಅನ್ವಯಿಸದಿದ್ದರೂ ಆಗಿನ ಅಲೆ ಕಾಲ ಕೆಳಗಿನ ಮರಳನ್ನೇ ಕಸಿಯುತ್ತದೆ. ಬಯಲುಸೀಮೆಯಿಂದ ಹೋಗುವವರು ಅಕ್ಟೋಬರ್‌ವರೆಗೆ ಕಾಯಲಿ.

ಹಿಡಿದ ಮೀನನ್ನು ಬಿಡಿಸುವ ಇಕ್ಕುಳವೂ ಸಲಕರಣೆಯೇ. ಸಮುದ್ರದ ಮೀಸೆಮೀನಿನ ಬೆನ್ನಿನ ಮುಳ್ಳು, ಎರಡು ಬದಿಯ ರೆಕ್ಕೆಯ ಮುಳ್ಳು, ತೊರಕೆಯ ಬಾಲದ ಮುಳ್ಳು, ಇವಕ್ಕೆ ನಂಜಿದೆ. ಚುಚ್ಚಿದರೆ ತಡೆಯಬಲ್ಲಷ್ಟು ಬಿಸಿಯಾದ ನೀರಿನಲ್ಲಿ ಕೈಯಿಟ್ಟರೆ ನೋವು ಇಳಿಯುತ್ತದೆ, ಆಮೇಲೆ ವೈದ್ಯರ ಬಳಿ ಹೋಗಲೇಬೇಕು. ಹೊಟ್ಟೆ ಚೆಂಡಿನಂತೆ ಉಬ್ಬಿಸುವ ಮೀನು ಸಿಕ್ಕರೆ ಮನೆಗೆ ತರಬಾರದು, ಅದರ ವಿಷ ಬೇಯಿಸಿದರೂ ಹೋಗದು. ಹರಿದ ದಾರವನ್ನು ಮರಳಿನಲ್ಲಿ ಬಿಟ್ಟು ಬರುವುದು ನನಗೆ ಸಹಿಸಲಾಗದ ಸಂಗತಿ. ಹೊನ್ನಾವರದ ಕಾಸರಕೋಡು ಮೊದಲಾದ ತೀರಗಳಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ದಂಡೆಗೆ ಬರುತ್ತವೆ. ಆ ದಾರ ಅವುಗಳ ಕಾಲಿಗೆ, ಹಕ್ಕಿಗಳ ರೆಕ್ಕೆಗೆ ಉರುಳಾಗುತ್ತದೆ. ಆ ತಿಂಗಳುಗಳಲ್ಲಿ ರಾತ್ರಿ ದಂಡೆಯ ಮೇಲೆ ಟಾರ್ಚು ಬೀರುತ್ತಾ ತಿರುಗಬಾರದು.

ಊರಿಗೆ ಮರಳಿದ ರಾತ್ರಿ ಎಷ್ಟೇ ದಣಿವಿದ್ದರೂ ಒಂದು ಕೆಲಸ ಬಾಕಿ ಇರುತ್ತದೆ. ಉಪ್ಪು ಒಣಗಿ ಹರಳಾದರೆ ರೀಲಿನ ಒಳಗೆ ಸೇರಿ ಲೋಹವನ್ನು ತಿನ್ನುತ್ತದೆ, ಕೋಲಿನ ಉಂಗುರಗಳಿಗೆ ತುಕ್ಕು ಹಿಡಿಯುತ್ತದೆ. ಹಿತ್ತಲಿನ ತೊಟ್ಟಿಯ ಸಿಹಿನೀರನ್ನು ಮೆಲ್ಲಗೆ ಹೊಯ್ದು ತೊಳೆಯುತ್ತೇನೆ. ರಭಸವಾಗಿ ನೀರು ಬಿಟ್ಟರೆ ಮರಳಿನ ಕಣ ಇನ್ನೂ ಒಳಕ್ಕೆ ಹೋಗುತ್ತದೆ. ಬಳಸಿದ ಕೊಕ್ಕೆಗಳನ್ನು ಹೊಸವುಗಳ ಡಬ್ಬಿಗೆ ಹಾಕುವುದಿಲ್ಲ, ಒಂದು ಉಪ್ಪಿನ ಕೊಕ್ಕೆ ಇಡೀ ಡಬ್ಬಿಗೆ ತುಕ್ಕು ಹಂಚುತ್ತದೆ. ಒರೆಸಿ, ನೆರಳಿನಲ್ಲಿ ಒಣಗಿಸಿ, ಗಿರಕಿಯ ಕಡೆ ಒಂದು ಹನಿ ಎಣ್ಣೆ ಬಿಟ್ಟು, ಕೊನೆಗೆ ರೀಲಿನ ಬಿಗಿತವನ್ನು ಪೂರ್ತಿ ಸಡಿಲಿಸಿ ಗೋಡೆಗೆ ಒರಗಿಸುತ್ತೇನೆ. ಬಿಗಿಯಾಗಿಯೇ ಇಟ್ಟರೆ ಒಳಗಿನ ಬಿಲ್ಲೆಗಳು ಒತ್ತಿಕೊಂಡು, ಮುಂದಿನ ಸಲ ಮೀನು ಎಳೆದಾಗ ದಾರ ಹದವಾಗಿ ಬಿಡುವುದಿಲ್ಲ.